ಅಂಗಡಿಯಲ್ಲಿ ಎಇಡಿ ಎಲ್ಲಿಡಬೇಕು?
ಮೈಸೂರಿನ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆಯ ಅಂಗಡಿಯವರೇ, ಹಠಾತ್ತನೆ ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ತಂದರೆ ದಯವಿಟ್ಟು ಮ್ಯಾನೇಜರ್ ರೂಮಿನಲ್ಲಿ ಬೀಗ ಹಾಕಿ ಇಡಬೇಡಿ. ಸಿಪಿಆರ್ (ಎದೆ ಒತ್ತುವ ಪ್ರಥಮ ಚಿಕಿತ್ಸೆ) ಇಲ್ಲದೆ ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಬಿಲ್ಲಿಂಗ್ ಕೌಂಟರ್ ಪಕ್ಕದ ಗೋಡೆಯೇ ಸರಿಯಾದ ಜಾಗ, ಅಲ್ಲಿ ಸದಾ ಯಾರಾದರೂ ಇರುತ್ತಾರೆ. ಬಿಸಿಲು ಬೀಳುವ ಗಾಜಿನ ಬದಿ ಬೇಡ. ಶಾಕ್ ಸಾಗಿಸುವ ಪ್ಯಾಡಿನ ಜೆಲ್ ಬಿಸಿಗೆ ಒಣಗಿದರೆ ಎದೆಗೆ ಅಂಟುವುದಿಲ್ಲ. ಪ್ಯಾಡಿಗೆ ಸಾಮಾನ್ಯವಾಗಿ 2 ವರ್ಷ ಆಯುಸ್ಸು. ಕೊನೆಯ ದಿನಾಂಕವನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯಿರಿ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಯಂತ್ರ ಸಿದ್ಧವಿದೆ ಎಂದು ತೋರಿಸುವ ಹಸಿರು ದೀಪ ನೋಡಿ.

ಜೊತೆಗೆ ಕತ್ತರಿ, ರೇಜರ್, ಒಣ ಟವೆಲ್ ಇರಲಿ. ಬೆವರು, ದಟ್ಟ ಕೂದಲು ಇದ್ದರೂ ಪ್ಯಾಡ್ ಹಿಡಿಯದು. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಯಂತ್ರ ತರಲಿ, ಮೂರನೆಯವರು ನಿಮಿಷಕ್ಕೆ 100–120 ಸಲ ಎದೆ ಒತ್ತುತ್ತಿರಲಿ. ಪ್ಯಾಡ್ ಅಂಟಿಸುವಾಗಲೂ ಒತ್ತುವುದು ನಿಲ್ಲಬಾರದು. ಯಂತ್ರ ಹೇಳಿದಾಗ ಮಾತ್ರ ಎಲ್ಲರೂ ಕೈ ತೆಗೆಯಿರಿ.