‘ಊರು ಯಾಕೆ ಬಿಟ್ಟಿರಿ?’ ಎಂದು ಕೇಳುವ ಮುಂಚೆ

ಸಮೀಕ್ಷೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ವಲಸೆ ಬಂದವರಿಗೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ. ಎಲ್ಲರದ್ದೂ ಒಂದೇ ಉತ್ತರ: ‘ಕೆಲಸಕ್ಕೆ.’ ಫಾರಂ ತುಂಬುತ್ತಿತ್ತು, ಕಾರಣ ಮಾತ್ರ ಸಿಗುತ್ತಿರಲಿಲ್ಲ. ನೀವು ಇಂಥ ಸಮೀಕ್ಷೆಗೆ ಹೊರಟಿದ್ದರೆ ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಹೊರಟ ದಿನದಿಂದ ಮಾತು ಶುರು ಮಾಡಿ. ಅದು ಯಾವ ತಿಂಗಳು? ಪ್ರಯಾಣಕ್ಕೆ ದುಡ್ಡು ಯಾರು ಕೊಟ್ಟರು? ಬಂದ ರಾತ್ರಿ ಎಲ್ಲಿ ಮಲಗಿದಿರಿ? ತಿಂಗಳು ಕೇಳಿದರೆ ಮಳೆ, ಬಿತ್ತನೆ, ಕೊಯ್ಲಿನ ವಿಷಯ ತಾನಾಗಿ ಬರುತ್ತದೆ. ಮಲಗಿದ ಜಾಗ ಕೇಳಿದರೆ ಮೊದಲೇ ಬಂದು ನೆಲೆಸಿದ ನೆಂಟರ ಹೆಸರು ಬರುತ್ತದೆ. ಎಷ್ಟೋ ಜನ ಈ ಊರನ್ನೇ ಆರಿಸಿಕೊಂಡದ್ದು ಆ ಒಂದು ಮನೆ ಇಲ್ಲಿದೆ ಅಂತ. ಒಬ್ಬ ತಾಯಿ ನನಗೆ ಮೊದಲು ‘ಕೆಲಸಕ್ಕೆ’ ಎಂದಷ್ಟೇ ಹೇಳಿದ್ದರು. ದುಡ್ಡಿನ ಪ್ರಶ್ನೆ ಬಂದಾಗ ಗಂಡನ ಆಸ್ಪತ್ರೆ ಖರ್ಚು ಹೊರಬಂತು, ಅದಕ್ಕಾಗಿ ಮೇಸ್ತ್ರಿಯಿಂದ ತೆಗೆದುಕೊಂಡ ಮುಂಗಡವೂ ಹೊರಬಂತು. ಅವರು ಬಂದದ್ದು ಆ ಮುಂಗಡ ತೀರಿಸಲು. ಕೂಲಿ ಹುಡುಕಿ ಬಂದವರ ಸಾಲಿಗೆ ಅವರನ್ನು ಹೇಗೆ ಸೇರಿಸುವುದು?

ಕೂಲಿ ಎಷ್ಟು ಎಂದು ಕೇಳಿದರೆ ಸಾಲದು. ತಿಂಗಳಲ್ಲಿ ಎಷ್ಟು ದಿನ ಕೆಲಸ ಸಿಗುತ್ತದೆ ಎಂದೂ ಕೇಳಿ. ಜನ ಕೂಲಿಯ ಜೊತೆಗೆ ಕೆಲಸ ಸಿಗುವ ಸಾಧ್ಯತೆಯನ್ನೂ ಲೆಕ್ಕ ಹಾಕುತ್ತಾರೆ ಎಂದು ಅರ್ಥಶಾಸ್ತ್ರಜ್ಞರಾದ ಹ್ಯಾರಿಸ್ ಮತ್ತು ಟೊಡಾರೊ 1970ರಲ್ಲೇ ಬರೆದರು. ನಗರದಲ್ಲಿ ನಿರುದ್ಯೋಗ ಇದ್ದರೂ ಜನ ಬರುವುದು ಅದಕ್ಕೇ.

ಹೆಂಗಸರ ಉತ್ತರ ‘ಮದುವೆ’ ಎಂದಾದರೆ ಸುಮ್ನೆ ಗುರುತು ಹಾಕಿ ಮುಂದೆ ಹೋಗಬೇಡಿ. ಮಗಳನ್ನು ದೂರದ ಊರಿಗೆ ಕೊಟ್ಟರೆ ಇಲ್ಲಿ ಮಳೆ ಕೈಕೊಟ್ಟ ವರ್ಷ ಅಲ್ಲಿಂದ ಆಸರೆ ಸಿಗುತ್ತದೆ. ಭಾರತದ ಹಳ್ಳಿಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ರೋಸೆನ್‌ಜ್ವೈಗ್ ಮತ್ತು ಸ್ಟಾರ್ಕ್ 1989ರಲ್ಲಿ ಇದನ್ನೇ ತೋರಿಸಿದರು. ಮನೆಯವರು ಎಲ್ಲರ ಬದುಕು ನೋಡಿ ಮಾಡಿದ ತೀರ್ಮಾನ ಅದು. ಆ ಹುಡುಗಿಯನ್ನು ಕೇಳಿದ್ದರೋ ಇಲ್ಲವೋ, ಅದನ್ನೂ ಬರೆದುಕೊಳ್ಳಿ.

ಸಾಧ್ಯವಾದರೆ ಅವರ ಊರಿಗೂ ಹೋಗಿ, ಅಲ್ಲೇ ಉಳಿದವರನ್ನು ಮಾತಾಡಿಸಿ. ಸಮೀಕ್ಷೆ ಮಾಡುವ ತುಂಬ ಜನ ಬಿಟ್ಟುಬಿಡುವ ಹೆಜ್ಜೆ ಇದೇ. 2008ರಲ್ಲಿ ಬಾಂಗ್ಲಾದೇಶದ ರಂಗಪುರ ಭಾಗದಲ್ಲಿ ಸುಗ್ಗಿಗೆ ಮುಂಚಿನ ಹಸಿವಿನ ತಿಂಗಳುಗಳಲ್ಲಿ ಒಂದು ಪ್ರಯೋಗ ನಡೆಯಿತು. ದುಡಿಯಲು ಹೊರಗೆ ಹೋಗುವುದಾದರೆ ಬಡ ಮನೆಗಳಿಗೆ ಸುಮಾರು 8.50 ಡಾಲರ್‌ನಷ್ಟು ಹಣ ಕೊಟ್ಟರು. ಅಷ್ಟರಿಂದಲೇ ಶೇ. 22ರಷ್ಟು ಮನೆಗಳಿಂದ ಒಬ್ಬರು ಹೊಸದಾಗಿ ಹೊರಟರು. ಹೋಗುವ ಅಗತ್ಯ ಅವರಿಗೆ ಮೊದಲಿನಿಂದಲೂ ಇತ್ತು ಅಲ್ವಾ? ತಡೆದದ್ದು ಬರಿಗೈಯಲ್ಲಿ ವಾಪಸ್ ಬರಬೇಕಾದೀತು ಎಂಬ ಭಯ ಇರಬಹುದು. ಆದ್ದರಿಂದ ಉಳಿದವರನ್ನು ಹೀಗೆ ಕೇಳಿ: ‘ಹೋಗಿ ಕೆಲಸ ಸಿಗದೆ ವಾಪಸ್ ಬಂದರೆ ಮನೆಯಲ್ಲಿ ಎಷ್ಟು ದಿನಕ್ಕೆ ಊಟ ಇರುತ್ತದೆ?’