ಕರಿಮದ್ದು ಸಿಡಿಸಿದ ಹಿತ್ತಾಳೆ ಕೇಸುಗಳನ್ನು ತೊಳೆಯುವ ಕ್ರಮ

ಕರಿಮದ್ದಿನ ತೋಟಾವನ್ನು ಸಿಡಿಸಿದ ಮೇಲೆ ಕೋವಿಯಿಂದ ಹೊರಬರುವ ಹಿತ್ತಾಳೆಯ ಕೇಸು, ಎಂದರೆ ಮದ್ದು ಗುಂಡುಗಳನ್ನು ಮತ್ತೆ ತುಂಬಿ ಬಳಸಬಹುದಾದ ಕೊಳವೆ, ಎಷ್ಟು ಕಾಲ ಬಾಳುತ್ತದೆ ಎಂಬುದು, ನಾವು ಅದನ್ನು ಎಷ್ಟು ಹೊಳಪು ಬರುವಂತೆ ಉಜ್ಜಿದೆವು ಎಂಬುದಕ್ಕಿಂತ ಹೆಚ್ಚಾಗಿ, ಎಷ್ಟು ಬೇಗ ನೀರಿಗೆ ಹಾಕಿದೆವು ಎಂಬುದನ್ನೇ ಅವಲಂಬಿಸಿದೆ. ಇಂದಿನ ತೋಟಾಗಳಲ್ಲಿ ಬಳಸುವ ಹೊಗೆರಹಿತ ಮದ್ದಿನ ಕೇಸುಗಳನ್ನು ವಾರಗಟ್ಟಲೆ ಹಾಗೆಯೇ ಇಟ್ಟರೂ ಹೆಚ್ಚಿನ ಹಾನಿಯಿಲ್ಲ. ಕರಿಮದ್ದಿನ ಕೇಸುಗಳಿಗೆ ಅಂಥ ಸಲಿಗೆ ಇಲ್ಲ.

ಇಲ್ಲಿ ಹೇಳುವ ಕ್ರಮವನ್ನು ಅಮೆರಿಕದ .45-70 ತೋಟಾವನ್ನು ಮುಂದಿಟ್ಟುಕೊಂಡು ವಿವರಿಸಿದ್ದೇನೆ. 1873ರಲ್ಲಿ ಅಮೆರಿಕದ ಸೇನೆ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ ಜೊತೆಗೆ ಬಳಕೆಗೆ ತಂದ ಈ ತೋಟಾದ ಹೆಸರಿನಲ್ಲಿರುವ 45 ಎಂಬುದು ಗುಂಡಿನ ವ್ಯಾಸವನ್ನು ಇಂಚಿನ ನೂರನೇ ಭಾಗಗಳಲ್ಲಿ ಸೂಚಿಸುತ್ತದೆ. 70 ಎಂಬುದು ಕರಿಮದ್ದಿನ ತೂಕವನ್ನು ಗ್ರೇನ್‌ಗಳಲ್ಲಿ, ಎಂದರೆ ಸುಮಾರು ನಾಲ್ಕೂವರೆ ಗ್ರಾಂ ಎಂದು, ಹೇಳುತ್ತದೆ. ಇಂದಿಗೂ ನ್ಯೂ ಮೆಕ್ಸಿಕೋದ ರಟೋನ್ ಬಳಿಯ ವಿಟಿಂಗ್ಟನ್ ಸೆಂಟರಿನಂಥ ಮೈದಾನಗಳಲ್ಲಿ ಇದೇ ತೋಟಾದಿಂದ 200 ಮೀಟರ್ ದೂರದ ಕೋಳಿಯಿಂದ ಹಿಡಿದು 500 ಮೀಟರ್ ದೂರದ ಟಗರಿನವರೆಗೆ ಉಕ್ಕಿನ ಆಕೃತಿಗಳಿಗೆ ಗುರಿಯಿಡುತ್ತಾರೆ. ಅಲ್ಲಿ ನೆಲೆಸಿ ಈ ಆಟವನ್ನು ಕೈಗೆತ್ತಿಕೊಂಡ ಕನ್ನಡಿಗರಿಗೆ ಈ ಬರಹ ನೇರವಾಗಿ ಉಪಯೋಗಕ್ಕೆ ಬರಬಹುದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕೇ ಬೇಕು. ಆದುದರಿಂದ ಕೇಸುಗಳನ್ನು ಮರುಬಳಕೆಗೆ ಸಿದ್ಧಪಡಿಸುವ ಮುನ್ನ ಅವರವರ ನಾಡಿನ ಕಾನೂನನ್ನು ತಿಳಿದುಕೊಳ್ಳಬೇಕು. ಮದ್ದನ್ನು ನಳಿಗೆಯ ಬಾಯಿಯಿಂದಲೇ ತುಂಬುವ, ಕೊಡಗು ಮತ್ತು ಮಲೆನಾಡಿನ ಕೇಪಿನ ಕೋವಿಗಳಲ್ಲಿ ಕೇಸು ಎಂಬುದೇ ಇಲ್ಲ. ಆದರೂ ಅವುಗಳ ನಳಿಗೆಯನ್ನು ಬಿಸಿನೀರಿನಿಂದ ತೊಳೆದು ಬಲ್ಲವರಿಗೆ ಇಲ್ಲಿನ ತತ್ತ್ವ ಹೊಸದೇನಲ್ಲ, ಏಕೆಂದರೆ ಎರಡೂ ಕಡೆ ಉಳಿಯುವ ಕಿಟ್ಟ ಒಂದೇ.

ಆ ಕಿಟ್ಟ ಏನೆಂಬುದನ್ನು ಅರಿತುಕೊಂಡರೆ ಉಳಿದುದೆಲ್ಲ ಸುಲಭವಾಗುತ್ತದೆ. ಕರಿಮದ್ದಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತವೆ. ಇದು ಉರಿದಾಗ ಅರ್ಧಕ್ಕಿಂತಲೂ ಹೆಚ್ಚು ತೂಕ ಅನಿಲವಾಗದೆ ಘನರೂಪದಲ್ಲೇ ಉಳಿಯುತ್ತದೆ. ಅದರಲ್ಲಿ ಒಂದಿಷ್ಟು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ, ಉಳಿದದ್ದು ನಳಿಗೆಗೂ ಕೇಸಿನ ಒಳಮೈಗೂ ಅಂಟಿಕೊಳ್ಳುತ್ತದೆ. ಹೀಗೆ ಅಂಟಿಕೊಂಡದ್ದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್, ಪೊಟ್ಯಾಸಿಯಂ ಸಲ್ಫೈಡ್ ಮತ್ತು ಉರಿಯದೆ ಉಳಿದ ಇದ್ದಿಲು ಮುಖ್ಯವಾದವು. ಕಾರ್ಬೊನೇಟ್ ಎಂಬುದು ಒಲೆಯ ಬೂದಿಯಲ್ಲಿರುವ ಕ್ಷಾರವೇ. ಅದು ಗಾಳಿಯ ತೇವವನ್ನು ಎಳೆದುಕೊಂಡು ಒಸರುತ್ತದೆ. ಸಲ್ಫೈಡ್ ತಾಮ್ರದೊಡನೆ ಕೂಡಿ ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ. ಎರಡೂ ಸೇರಿ ತೇವದಲ್ಲಿ ಕೆಲವು ದಿನ ಕುಳಿತರೆ ಕೇಸಿನ ಒಳಗೆ ಹಸಿರು ಕಿಲುಬು ಏಳುತ್ತದೆ, ಆಮೇಲೆ ಲೋಹದಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಸಮಾಧಾನದ ಸಂಗತಿಯೆಂದರೆ ಈ ಲವಣಗಳೆಲ್ಲವೂ ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಎಣ್ಣೆ ಅಥವಾ ಪೆಟ್ರೋಲಿಯಂ ದ್ರಾವಣಗಳು ಇವನ್ನು ಕರಗಿಸಲಾರವು. ಆದ್ದರಿಂದ ಹೊಗೆರಹಿತ ಮದ್ದಿಗೆಂದು ಮಾರುವ ದುಬಾರಿ ದ್ರಾವಣಗಳಲ್ಲಿ ಹಲವು ಈ ಕೆಲಸಕ್ಕೆ ಬಾರವು.

ಮೈದಾನಕ್ಕೆ ಹೊರಡುವಾಗಲೇ ಅಗಲ ಬಾಯಿಯ, ಬಿಗಿಯಾದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಅರ್ಧದಷ್ಟು ನೀರು ತುಂಬಿ, ಪಾತ್ರೆ ತೊಳೆಯುವ ದ್ರವದ ಕೆಲವು ಹನಿಗಳನ್ನು ಬೆರೆಸಿಕೊಂಡು ಹೋಗಬೇಕು. ಗುಂಡು ಹಾರಿಸಿ ಮುಗಿದ ಕೂಡಲೇ, ಪ್ರತಿಯೊಂದು ಕೇಸೂ ಸಿಡಿದಿದೆಯೆಂಬುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡು, ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣದಿಂದ ಸಿಡಿದ ಪ್ರೈಮರನ್ನು (ಕೇಸಿನ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ತೆಗೆದು, ಕೇಸನ್ನು ಆ ನೀರಿಗೆ ಹಾಕಬೇಕು. ಪ್ರೈಮರ್ ತೆಗೆಯುವುದನ್ನು ಮನೆಗೆ ಬಂದ ಮೇಲೆ ಮಾಡಿದರಾಯಿತು ಎಂದು ಹಲವರು ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಪ್ಪು, ಏಕೆಂದರೆ ಪ್ರೈಮರ್ ಕೂರುವ ಗುಳಿಯಲ್ಲೂ ಅದೇ ಕಿಟ್ಟ ಅಡಗಿರುತ್ತದೆ, ಪ್ರೈಮರ್ ಅಲ್ಲೇ ಇದ್ದರೆ ನೀರು ಅದನ್ನು ಮುಟ್ಟುವುದೂ ಇಲ್ಲ, ಮುಟ್ಟಿದ ನೀರು ಮತ್ತೆ ಹೊರಬರುವುದೂ ಇಲ್ಲ. ಮೈದಾನದಲ್ಲಿ ಸಮಯ ಸಿಗದಿದ್ದರೆ ಕೇಸುಗಳನ್ನು ಹಾಗೆಯೇ ನೀರಿಗೆ ಹಾಕಿ, ಅದೇ ಸಂಜೆ ಪ್ರೈಮರ್ ತೆಗೆಯುವುದು ಎರಡನೆಯ ದಾರಿ. ಸಿಡಿಯದ ಪ್ರೈಮರ್ ಇರುವ ಕೇಸನ್ನು ಮಾತ್ರ ಎಂದಿಗೂ ಈ ರಾಶಿಗೆ ಸೇರಿಸಬಾರದು.

ಮನೆ ಮುಟ್ಟುವಷ್ಟರಲ್ಲಿ ಡಬ್ಬಿಯ ನೀರು ಮಸಿಯಂತಾಗಿ ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ. ಅದು ಸಲ್ಫೈಡಿನಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್. ಡಬ್ಬಿಯನ್ನು ಹೊರಾಂಗಣದಲ್ಲಿ ತೆರೆದು, ಆ ನೀರನ್ನು ಚೆಲ್ಲಿ, ಬರಿಯ ಬಿಸಿನೀರಿನಲ್ಲಿ ಎರಡು ಮೂರು ಸಲ ಜಾಲಿಸಬೇಕು. ಆಮ್ಲದ ಸಂಗತಿ ಮುಂದೆ ಬರುತ್ತದೆ, ಆದರೆ ಈ ಮೊದಲ ತೊಳೆತಕ್ಕೆ ಆಮ್ಲ ಬೆರೆಸಲೇಬಾರದು, ಬೆರೆಸಿದರೆ ಆ ದುರ್ನಾತದ ವಿಷಾನಿಲ ಒಮ್ಮೆಲೇ ಹೆಚ್ಚಾಗಿ ಏಳುತ್ತದೆ. ಬಳಿಕ ನೈಲಾನ್ ಬಾಟಲಿ ಬ್ರಷ್ಷನ್ನು ಕೇಸಿನ ತಳ ಮುಟ್ಟುವಂತೆ ಇಳಿಸಿ ನಾಲ್ಕಾರು ಸುತ್ತು ತಿರುಗಿಸಿ, ಪ್ರೈಮರ್ ಗುಳಿಯನ್ನು ಚಿಕ್ಕ ಬ್ರಷ್ಷಿನಿಂದ ತಿಕ್ಕಬೇಕು. ಜಾಲಿಸಿದ ನೀರು ತಿಳಿಯಾಗಿ ಬಂದರೆ ಕೇಸಿಗೆ ಅಪಾಯ ತಪ್ಪಿತೆಂದೇ ಅರ್ಥ. ಒಳಗೆ ಉಳಿಯುವ ಕಂದು ಕಲೆ ನೋಡಲು ಚೆನ್ನಾಗಿರದಿದ್ದರೂ ಹಾನಿ ಮಾಡುವುದಿಲ್ಲ.

ಕಲೆಯೂ ಹೋಗಬೇಕೆನ್ನುವವರಿಗೆ ಎರಡು ಮಾರ್ಗಗಳಿವೆ. ಮೊದಲನೆಯದು ಸಿಟ್ರಿಕ್ ಆಮ್ಲ. ಒಂದು ಲೀಟರ್ ಬಿಸಿನೀರಿಗೆ ಒಂದು ಟೀ ಚಮಚದಷ್ಟು ಪುಡಿ ಕರಗಿಸಿ, ತೊಳೆದ ಕೇಸುಗಳನ್ನು ಹತ್ತು ನಿಮಿಷ ಮುಳುಗಿಸಿಟ್ಟು, ತೆಗೆದು ಚೆನ್ನಾಗಿ ಜಾಲಿಸಬೇಕು. ನಮ್ಮ ಮನೆಗಳಲ್ಲಿ ದೇವರ ದೀಪಗಳನ್ನು ಹುಣಸೆಹಣ್ಣಿನಿಂದ ಬೆಳಗುವಾಗ ಟಾರ್ಟಾರಿಕ್ ಆಮ್ಲ ಮಾಡುವ ಕೆಲಸವನ್ನೇ ಇಲ್ಲಿ ಸಿಟ್ರಿಕ್ ಆಮ್ಲ ಮಾಡುತ್ತದೆ. ಆದರೆ ಹುಣಸೆಯ ನಾರು ಪ್ರೈಮರ್ ಗುಳಿಯಲ್ಲಿ ಸಿಕ್ಕಿಕೊಳ್ಳುವುದರಿಂದಲೂ, ಅದಕ್ಕೆ ಉಪ್ಪು ಬೆರೆಸುವ ರೂಢಿ ಹಿತ್ತಾಳೆಯನ್ನು ಕೊರೆಯುವುದರಿಂದಲೂ, ಆ ಪದ್ಧತಿಯನ್ನು ದೀಪಗಳಿಗೇ ಬಿಡುವುದು ಲೇಸು. ತೋಟಾದ ಹಿತ್ತಾಳೆ 70 ಪಾಲು ತಾಮ್ರ ಮತ್ತು 30 ಪಾಲು ಸತುವಿನ ಮಿಶ್ರಲೋಹ. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸತುವು ಕರಗಿಹೋಗಿ ಮೇಲ್ಮೈ ತಾಮ್ರದ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎರಡನೆಯ ಮಾರ್ಗ, ತಿರುಗುವ ಡ್ರಮ್ಮಿನಲ್ಲಿ ನೀರು, ಸ್ವಲ್ಪ ಸೋಪು, ಚಿಟಿಕೆಯಷ್ಟು ಸಿಟ್ರಿಕ್ ಆಮ್ಲ ಮತ್ತು ಸೆರಾಮಿಕ್ ಹರಳು ಅಥವಾ ಸ್ಟೀಲ್ ಕಡ್ಡಿಗಳ ಜೊತೆ ಕೇಸುಗಳನ್ನು ಒಂದೆರಡು ಗಂಟೆ ಉರುಳಿಸುವುದು. ಸ್ಟೀಲ್ ಕಡ್ಡಿ ಹೆಚ್ಚು ಹೊಳಪು ಕೊಡುತ್ತದೆಯಾದರೂ, ಹೊತ್ತು ಹೆಚ್ಚಾದರೆ ಕೇಸಿನ ಬಾಯಂಚನ್ನು ಬಡಿದು ಒಳಕ್ಕೆ ಮಡಿಸುತ್ತದೆ, ಕೆಲವೊಮ್ಮೆ ಪ್ರೈಮರಿನ ಕಿಡಿ ಮದ್ದಿಗೆ ಹಾಯುವ ಕಿಡಿರಂಧ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ನಾನು ಸೆರಾಮಿಕ್ಕನ್ನೇ ಮೆಚ್ಚುತ್ತೇನೆ. ಜೋಳದ ದಿಂಡಿನ ಪುಡಿಯಲ್ಲಿ ಒಣಗೆಯೇ ಉರುಳಿಸುವ ಪದ್ಧತಿಯನ್ನು ತೊಳೆದು ಒಣಗಿಸಿದ ಕೇಸುಗಳಿಗೆ ಮಾತ್ರ ಬಳಸಬೇಕು. ಪ್ರೈಮರಿನ ಸೀಸ ಅಲ್ಲಿ ಧೂಳಾಗಿ ಏಳುತ್ತದೆ, ಮಕ್ಕಳಿರುವ ಮನೆಯ ಒಳಗೆ ಅದು ಸಲ್ಲದು.

ಅಮೋನಿಯ ಇರುವ ಯಾವ ವಸ್ತುವನ್ನೂ ಕೇಸಿನ ಹತ್ತಿರ ಸುಳಿಯಗೊಡಬಾರದು. ಹಿತ್ತಾಳೆಗೆಂದೇ ಮಾರುವ ಕೆಲವು ಪಾಲಿಷ್‌ಗಳಲ್ಲಿ, ಗಾಜು ಒರೆಸುವ ಕೆಲವು ದ್ರವಗಳಲ್ಲಿ ಅದು ಇರುತ್ತದೆ. ಇದರ ಕಥೆ ನಮ್ಮ ದೇಶಕ್ಕೇ ಸೇರಿದ್ದು. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು, ಮಳೆ ಕಳೆದು ತೆರೆದು ನೋಡಿದಾಗ ಎಷ್ಟೋ ಕೇಸುಗಳು ಸೀಳಿಹೋಗಿರುತ್ತಿದ್ದವು. ಕುದುರೆಗಳ ಮೂತ್ರದಿಂದ ಹೊರಡುವ ಅಮೋನಿಯ, ಕೇಸನ್ನು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಬಿಗಿತದೊಡನೆ ಸೇರಿ ಹೀಗೆ ಸೀಳುತ್ತದೆಯೆಂಬುದನ್ನು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬವರು 1921ರಲ್ಲಿ ವಿವರಿಸಿದರು. ಬ್ಲೀಚನ್ನೂ ಇದೇ ನಿಷಿದ್ಧ ಸಾಲಿಗೆ ಸೇರಿಸಬೇಕು.

ಒಣಗಿಸುವುದಕ್ಕೆ ಅವಸರ ಸಲ್ಲದು. ಕೊನೆಯ ಜಾಲಾಟಕ್ಕೆ ಡಿಸ್ಟಿಲ್ಡ್ ನೀರು ಬಳಸಿದರೆ ಗಡಸು ನೀರಿನ ಬಿಳಿ ಕಲೆಗಳು ಉಳಿಯುವುದಿಲ್ಲ. ನೀರನ್ನು ಕೊಡವಿ, ದಪ್ಪ ಬಟ್ಟೆಯಲ್ಲಿ ಹೊರಳಾಡಿಸಿ, ಬಾಯಿ ಕೆಳಗಾಗಿ ಬಿಸಿಲಿನಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ಓವನ್ ಬಳಸುವವರು 90 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಬೇಕು, ಆ ಓವನ್ ಅಡುಗೆಯದಾಗಿರಬಾರದು. ಸುಮಾರು 250 ಡಿಗ್ರಿಯ ಮೇಲೆ ಹಿತ್ತಾಳೆ ಮೆದುವಾಗತೊಡಗುತ್ತದೆ. ಬುಡ ಮೆದುವಾದ ಕೇಸು ಸಿಡಿತದ ಒತ್ತಡವನ್ನು ತಡೆಯಲಾರದೆ ಶೂಟರನ ಮುಖದತ್ತಲೇ ಅನಿಲ ಕಾರಬಹುದು. ಪ್ರೈಮರ್ ಗುಳಿಯಲ್ಲಿ ಒಂದು ಹನಿ ನೀರು ಉಳಿದರೂ ಮುಂದಿನ ಪ್ರೈಮರ್ ಕೆಟ್ಟು ಗುಂಡು ಹಾರದೆ ಹೋಗಬಹುದಾದ್ದರಿಂದ, ಕಾಗದದ ಮೂಲೆಯನ್ನು ಅಲ್ಲಿಗೆ ಒತ್ತಿ ನೋಡುವುದು ಒಳ್ಳೆಯ ಅಭ್ಯಾಸ.

ಒಣಗಿದ ಕೇಸುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ಪರೀಕ್ಷಿಸಬೇಕು. ಬಾಯಂಚಿನಲ್ಲಿ ಕೂದಲೆಳೆಯ ಬಿರುಕು, ಬುಡಕ್ಕಿಂತ ತುಸು ಮೇಲೆ ಸುತ್ತಲೂ ಹರಿದ ಹೊಳೆಯುವ ಗೆರೆ, ಒಳಗೆ ಗುಳಿಬಿದ್ದ ಗುರುತು, ಗುಲಾಬಿ ತೇಪೆ, ಇವುಗಳಲ್ಲಿ ಯಾವುದು ಕಂಡರೂ ಆ ಕೇಸನ್ನು ಮತ್ತೆ ಬಳಸಲಾಗದಂತೆ ಜಜ್ಜಿ ಗುಜರಿಗೆ ಹಾಕಬೇಕು. ಕೇಸುಗಳ ಹೊರಮೈಗೆ ಬಾಯಿಯಿಂದ ಬಹುದೂರದವರೆಗೆ ಮಸಿ ಹತ್ತಿದ್ದರೆ, ಬಾಯಿಯ ಲೋಹ ಗಡುಸಾಗಿ ಚೇಂಬರಿನ (ಕೋವಿಯಲ್ಲಿ ತೋಟಾ ಕೂರುವ ಜಾಗದ) ಗೋಡೆಗೆ ಸರಿಯಾಗಿ ಒತ್ತಿಕೊಳ್ಳುತ್ತಿಲ್ಲವೆಂದು ತಿಳಿಯಬೇಕು; ಬಾಯಿಯ ಭಾಗವನ್ನಷ್ಟೇ ಕಾಯಿಸಿ ಹದಗೊಳಿಸಿದರೆ ಆ ಸೋರಿಕೆ ನಿಲ್ಲುತ್ತದೆ, ತೊಳೆಯುವ ಕೆಲಸವೂ ಕಡಿಮೆಯಾಗುತ್ತದೆ.

ತೊಳೆಯಲು ಬಳಸಿದ ಬಕೆಟ್ಟು, ಜರಡಿ, ಬ್ರಷ್ಷುಗಳನ್ನು ಅಡುಗೆಮನೆಗೆ ಒಯ್ಯಬಾರದು, ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯದೆ ಏನನ್ನೂ ತಿನ್ನಬಾರದು. ಕೇಸುಗಳನ್ನು ಚರ್ಮದ ಪಟ್ಟಿಯ ಕುಣಿಕೆಗಳಲ್ಲಿ ಕೂಡಿಡುವುದು ನೋಡಲು ಚೆಂದ, ಆದರೆ ಚರ್ಮ ಹದಮಾಡಿದ ಆಮ್ಲಗಳಿಂದ ಅಲ್ಲಿಯೂ ಕಿಲುಬು ಹಿಡಿಯುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನ ಒಂದು ಪೊಟ್ಟಣದ ಜೊತೆ ಇಟ್ಟು, ಆ ಕೇಸುಗಳು ಎಷ್ಟು ಸಲ ಸಿಡಿದಿವೆ, ಬಾಯಿಯನ್ನು ಕೊನೆಯ ಬಾರಿ ಹದಗೊಳಿಸಿದ್ದು ಯಾವಾಗ ಎಂಬುದನ್ನು ಪೆಟ್ಟಿಗೆಯ ಮೇಲೆಯೇ ಬರೆದಿಡಬೇಕು.