ಬಾಕಿ ಬಿದ್ದ ಮೂರು ವರ್ಷದ ರಿಟರ್ನ್: ನಾನು ಮಾಡಿದ ಬಗೆ

ನಾನು ದಾವಣಗೆರೆಯಲ್ಲಿ ಸ್ಟ್ರಕ್ಚರಲ್ ಡಿಸೈನ್ ಮಾಡುವ ಸಿವಿಲ್ ಎಂಜಿನಿಯರ್. ಮನೆ ಕಟ್ಟಿಸುವವರಿಗೆ ನಕ್ಷೆ, ಕಂಬಿಯ ಲೆಕ್ಕ. ಆಗೊಮ್ಮೆ ಈಗೊಮ್ಮೆ ಗುತ್ತಿಗೆ ಕಂಪನಿಗಳಿಗೆ ಡ್ರಾಯಿಂಗ್. 2021-22, 2022-23, 2023-24 ಈ ಮೂರು ಹಣಕಾಸು ವರ್ಷಗಳ ಆದಾಯ ತೆರಿಗೆ ರಿಟರ್ನ್ ಬಾಕಿ ಇತ್ತು. ಅಪ್ಪನ ಆಸ್ಪತ್ರೆ ಓಡಾಟದಲ್ಲಿ ಮೊದಲನೆಯದು ನಿಂತಿತು, ಮಿಕ್ಕವು ಅದರ ಬೆನ್ನಿಗೇ ನಿಂತವು. 2025ರಲ್ಲಿ ಮನೆ ಸಾಲಕ್ಕೆ ಬ್ಯಾಂಕಿನವರು ಮೂರು ವರ್ಷದ ರಿಟರ್ನ್ ಕೇಳಿದರು. ಆಗ ಕೂತು ಒಂದೊಂದಾಗಿ ಬಿಡಿಸಿದೆ.

ಫಾರ್ಮ್ ತುಂಬುವುದಕ್ಕಿಂತ ಮೊದಲು ಒಂದು ಕೆಲಸವಿದೆ: ಯಾವ ವರ್ಷ ನಾವು ಸರ್ಕಾರಕ್ಕೆ ಕೊಡಬೇಕು, ಯಾವ ವರ್ಷ ಸರ್ಕಾರ ನಮಗೆ ಕೊಡಬೇಕು ಎಂದು ಬೇರೆ ಮಾಡಿಟ್ಟುಕೊಳ್ಳುವುದು. ಈ ಎರಡಕ್ಕೂ ದಾರಿಯೇ ಬೇರೆ. ಇದನ್ನು ನೋಡದೆ ಮೂರು ವರ್ಷವನ್ನೂ ಒಂದೇ ಕಟ್ಟು ಮಾಡಿ ಆಡಿಟರ್ ಮೇಜಿನ ಮೇಲಿಟ್ಟರೆ ಅವರೂ ಒಂದೇ ಅಳತೆಯಲ್ಲಿ ಹೊಲಿದುಬಿಡುವ ಸಾಧ್ಯತೆ ಇದೆ.

ಮೊದಲು ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಿಂದ ಮೂರೂ ವರ್ಷದ 26ಎಎಸ್ (ನಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ಇಲಾಖೆಗೆ ತಿಳಿದಿರುವ ನಮ್ಮ ವ್ಯವಹಾರಗಳ ಪಟ್ಟಿ) ಇಳಿಸಿಕೊಂಡೆ. ಕಂಪನಿಗಳು ನನ್ನ ಫೀಸಿನಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟಿದ ತೆರಿಗೆ, ಅಂದರೆ ಟಿಡಿಎಸ್, ಎಲ್ಲ ಅಲ್ಲಿತ್ತು. ಆದರೆ 2023-24ರಲ್ಲಿ ಶೇ 10ರ ಬದಲು ಶೇ 20 ಹಿಡಿದಿದ್ದರು. ಕಾರಣ ಸೆಕ್ಷನ್ 206ಎಬಿ. ಹಿಂದಿನ ವರ್ಷದ ಟಿಡಿಎಸ್ 50 ಸಾವಿರ ದಾಟಿಯೂ ರಿಟರ್ನ್ ಹಾಕದವರಿಗೆ ದುಪ್ಪಟ್ಟು ದರದಲ್ಲಿ ಕಡಿತ ಮಾಡಬೇಕೆಂಬ ನಿಯಮ ಆಗ ಜಾರಿಯಲ್ಲಿತ್ತು. 2025ರ ಏಪ್ರಿಲ್ 1ರಿಂದ ಆ ಸೆಕ್ಷನ್ ತೆಗೆದುಹಾಕಿದ್ದಾರೆ. ‘ಟಿಡಿಎಸ್ ಹಿಡಿದಾಯ್ತಲ್ಲ, ಇನ್ನೇನು ರಿಟರ್ನ್’ ಅನ್ನುವ ಮಾತು ನಮ್ಮ ಸೈಟುಗಳಲ್ಲಿ ಬಹಳ ಚಾಲ್ತಿಯಲ್ಲಿದೆ. ಅದನ್ನು ನಂಬಿದವರಿಗೇ ಹೀಗೆ ಎರಡರಷ್ಟು ಕಡಿತವಾಗುತ್ತಿತ್ತು.

ಎಐಎಸ್‌ನಲ್ಲಿ ಕಾಣದ್ದು ಮನೆ ಮಾಲೀಕರು ಕೊಟ್ಟ ದುಡ್ಡು. ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟೇ ಗತಿ. ಇಲ್ಲಿ ಒಂದು ತೊಡಕು. ಕೆಲವು ಮಾಲೀಕರು ಸಿಮೆಂಟು, ಜಲ್ಲಿಯ ಹಣವನ್ನೂ ನನ್ನ ಖಾತೆಗೇ ಹಾಕಿ, ‘ನೀವೇ ಅಂಗಡಿಗೆ ಕೊಟ್ಟುಬಿಡಿ ಸಾರ್’ ಅನ್ನುತ್ತಾರೆ. ಅದು ನನ್ನ ಆದಾಯವಲ್ಲ, ಆದರೆ ಸ್ಟೇಟ್‌ಮೆಂಟಿನಲ್ಲಿ ಬರೀ ಹೆಸರು, ಮೊತ್ತ. ಸೈಟ್ ಡೈರಿ, ಅಂಗಡಿ ಬಿಲ್ಲು ಪಕ್ಕದಲ್ಲಿಟ್ಟುಕೊಂಡು, ಬಂದ ಹಣದ ಎದುರಿಗೆ ಹೋದ ಹಣ ಹೊಂದಿಸಿ, ಫೀಸ್ ಎಷ್ಟು, ಸಾಮಾನಿನದೆಷ್ಟು ಎಂದು ಎಕ್ಸೆಲ್‌ನಲ್ಲಿ ಬೇರ್ಪಡಿಸಿದೆ. ಇಡೀ ವ್ಯವಹಾರದಲ್ಲಿ ಹೆಚ್ಚು ಹೊತ್ತು ತಿಂದದ್ದು ಇದೇ. ಮುಂದೆ ನೋಟಿಸ್ ಬಂದರೆ ಕೈಹಿಡಿಯುವುದೂ ಇದೇ ಹಾಳೆ.

ಎಂಜಿನಿಯರುಗಳಿಗೆ ಸೆಕ್ಷನ್ 44ಎಡಿಎ ಸಿಗುತ್ತದೆ. ಒಟ್ಟು ಫೀಸಿನ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು, ಲೆಕ್ಕಪುಸ್ತಕ ಇಡಬೇಕಿಲ್ಲ. ಈ ಅರ್ಧದ ಲೆಕ್ಕ ಹಾಕಿದ ಮೇಲೆ ಚಿತ್ರ ಸ್ಪಷ್ಟವಾಯಿತು: 2022-23 ಮತ್ತು 2023-24ಕ್ಕೆ ನಾನು ತೆರಿಗೆ ಕಟ್ಟಬೇಕು, 2021-22ಕ್ಕೆ ನನಗೇ ರಿಫಂಡ್ ಬರಬೇಕು.

ಕಟ್ಟಬೇಕಾದ ವರ್ಷಗಳಿಗೆ ಐಟಿಆರ್-ಯು, ಅಂದರೆ ಅಪ್‌ಡೇಟೆಡ್ ರಿಟರ್ನ್. ತಡವಾದ ರಿಟರ್ನಿಗೆ ಅಸೆಸ್‌ಮೆಂಟ್ ವರ್ಷದ, ಅಂದರೆ ಆದಾಯ ಬಂದ ಹಣಕಾಸು ವರ್ಷದ ಮರುವರ್ಷದ, ಡಿಸೆಂಬರ್ 31ರವರೆಗೆ ಅವಕಾಶ. ಅದೂ ದಾಟಿದರೆ ಉಳಿಯುವುದು ಇದೊಂದೇ. 2022ರಲ್ಲಿ ತಂದಾಗ ಎರಡು ವರ್ಷದ ಗಡುವಿತ್ತು, 2025ರ ಬಜೆಟ್ ಅದನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸಿತು. ಅಸೆಸ್‌ಮೆಂಟ್ ವರ್ಷ ಮುಗಿದು ಒಂದು ವರ್ಷದೊಳಗೆ ಹಾಕಿದರೆ ಶೇ 25 ಹೆಚ್ಚುವರಿ ತೆರಿಗೆ, ಎರಡನೆಯ ವರ್ಷ ಶೇ 50, ಮೂರನೆಯದು ಶೇ 60, ನಾಲ್ಕನೆಯದು ಶೇ 70. ಮಾರ್ಚ್ 31 ದಾಟಿದರೆ ಮುಂದಿನ ಮೆಟ್ಟಿಲು.

ನನ್ನ 2023-24ರ ಲೆಕ್ಕವನ್ನೇ ಬ್ಯಾಂಕ್ ಬಡ್ಡಿಯ ಚಿಲ್ಲರೆ ಬಿಟ್ಟು, ದುಂಡು ಅಂಕಿಯಲ್ಲಿ ಹೇಳುತ್ತೇನೆ. ಫೀಸ್ 18 ಲಕ್ಷ, ಆದಾಯ 9 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಆದರೆ ಉಳಿತಾಯದ ವಿನಾಯಿತಿಗಳಿಲ್ಲ) ತೆರಿಗೆ 45,000, ಸೆಸ್ ಸೇರಿ 46,800. ಟಿಡಿಎಸ್ 20,000 ಕಳೆದರೆ ಬಾಕಿ 26,800. ಕಟ್ಟಿದ್ದು 2025ರ ಜುಲೈಯಲ್ಲಿ. ರಿಟರ್ನ್ ತಡವಾದದ್ದಕ್ಕೆ 234ಎ ಪ್ರಕಾರ 12 ತಿಂಗಳ ಬಡ್ಡಿ 3,216. ಮುಂಗಡ ತೆರಿಗೆ ಕಟ್ಟದ್ದಕ್ಕೆ 234ಬಿ ಪ್ರಕಾರ 16 ತಿಂಗಳದು 4,288. ಅದರ ಕಂತಿನ ದಿನ ತಪ್ಪಿದ್ದಕ್ಕೆ 234ಸಿ ಪ್ರಕಾರ 268. ತೆರಿಗೆ, ಬಡ್ಡಿ ಸೇರಿ 34,572. ಅದರ ಶೇ 25 ಎಂದರೆ 8,643. ಮೇಲೆ 234ಎಫ್ ತಡ ಶುಲ್ಕ 5,000. ಒಟ್ಟು 48,215 ರೂಪಾಯಿ. ಬಡ್ಡಿ ತಿಂಗಳಿಗೆ ಶೇ 1. ಹೊಸ ತಿಂಗಳ ಒಂದು ದಿನ ತಗುಲಿದರೂ ಪೂರ್ತಿ ತಿಂಗಳದ್ದು ಬೀಳುತ್ತದೆ. ಹಾಗಾಗಿ ತಿಂಗಳ ಕೊನೆಯೊಳಗೆ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ (ಕೋಡ್ 300) ಆರಿಸಿ ಚಲನ್ ಕಟ್ಟಿದೆ. ಅಲ್ಲಿ ಕೇಳುವುದು ಅಸೆಸ್‌ಮೆಂಟ್ ವರ್ಷ: 2023-24ರ ಆದಾಯಕ್ಕೆ 2024-25 ಎಂದು ಆರಿಸಬೇಕು.

2022-23ಕ್ಕೆ ಶೇ 50 ಬಿತ್ತು. ಆದರೆ ಆ ವರ್ಷ ಹಳೆಯ ಪದ್ಧತಿಯೇ ಸಹಜ ಆಯ್ಕೆಯಾಗಿದ್ದರಿಂದ ಎಲ್‌ಐಸಿ, ಪಿಪಿಎಫ್ ಎಲ್ಲ ಸೆಕ್ಷನ್ 80ಸಿ ಅಡಿ ಆದಾಯದಿಂದ ಕಳೆಯಲು ಬಂತು. 2023-24ರಿಂದ ಹೊಸ ಪದ್ಧತಿ ಸಹಜ ಆಯ್ಕೆಯಾಯಿತು. ಹಳೆಯದು ಬೇಕೆಂದರೆ ಗಡುವಿನೊಳಗೇ ಹೇಳಬೇಕು, ತಡ ಮಾಡಿದವರಿಗೆ ಆ ಆಯ್ಕೆ ಇಲ್ಲ. ಹೀಗಾಗಿ ಅದೇ ಪಿಪಿಎಫ್ ಒಂದು ವರ್ಷ ನಡೆಯಿತು, ಮರುವರ್ಷ ನಡೆಯಲಿಲ್ಲ.

ಇನ್ನು 2021-22. ಫೀಸ್ 8 ಲಕ್ಷ, ಎಲ್ಲವೂ ಕಂಪನಿಗಳಿಂದ, ಟಿಡಿಎಸ್ 80,000. ಅರ್ಧ ಎಂದರೆ 4 ಲಕ್ಷ. ಐದು ಲಕ್ಷದೊಳಗಿನ ಆದಾಯಕ್ಕೆ 87ಎ ರಿಬೇಟ್ (ತೆರಿಗೆ ಮನ್ನಾ) ಇದ್ದ ಕಾಲ, ತೆರಿಗೆ ಸೊನ್ನೆ. ಅಂದರೆ ಪೂರ್ತಿ 80,000 ವಾಪಸ್ ಬರಬೇಕು. ಆದರೆ ಐಟಿಆರ್-ಯುನಲ್ಲಿ ರಿಫಂಡ್ ಕೇಳುವಂತಿಲ್ಲ. ಪರಿಚಯದ ಒಬ್ಬರು ‘ಒಂದಿಷ್ಟು ಆದಾಯ ಹೆಚ್ಚು ತೋರಿಸಿ, ನೂರು ರೂಪಾಯಿ ತೆರಿಗೆ ಬರೋ ಹಾಗೆ ಮಾಡಿ, ಹಾಕಿಬಿಡಿ, ಬ್ಯಾಂಕಿಗೆ ಕಾಗದ ಸಿಕ್ಕರಾಯ್ತಲ್ಲ’ ಅಂದರು. ಇಲ್ಲದ ಆದಾಯವನ್ನು ಇದೆ ಎಂದು ಸಹಿ ಮಾಡಿ, ಎಂಬತ್ತು ಸಾವಿರವನ್ನೂ ಬಿಟ್ಟುಕೊಡುವ ಈ ಜಾಣತನ ನನಗೆ ಬೇಡವಾಯಿತು.

ಇದಕ್ಕೆ ಸರಿಯಾದ ದಾರಿ ಸೆಕ್ಷನ್ 119(2)(ಬಿ), ವಿಳಂಬ ಮನ್ನಾ ಅರ್ಜಿ. 2024ರ ಅಕ್ಟೋಬರ್ 1ರ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಸುತ್ತೋಲೆ 11/2024ರ ಪ್ರಕಾರ ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದವರೆಗೆ ಅರ್ಜಿ ಹಾಕಬಹುದು. ಒಂದು ಕೋಟಿವರೆಗಿನ ಮೊತ್ತವನ್ನು ಕಮಿಷನರ್ ಮಟ್ಟದಲ್ಲೇ ತೀರ್ಮಾನಿಸುತ್ತಾರೆ. ಪೋರ್ಟಲ್‌ನ ಸರ್ವಿಸಸ್ ಅಡಿ ಕಂಡೊನೇಷನ್ ರಿಕ್ವೆಸ್ಟ್ ಇದೆ. ಅಪ್ಪನ ಡಿಸ್ಚಾರ್ಜ್ ಸಮ್ಮರಿಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ, ರಿಟರ್ನ್ ಗಡುವು ಅವುಗಳ ನಡುವೆ ಎಲ್ಲಿ ಬೀಳುತ್ತದೆ ಎಂದು ಒಂದು ಪುಟದಲ್ಲಿ ಬರೆದು, 26ಎಎಸ್ ಲಗತ್ತಿಸಿದೆ. ಭಾವುಕ ಪತ್ರ ಬೇಕಿಲ್ಲ, ತಾರೀಕು ಮಾತಾಡಿದರೆ ಸಾಕು. ಹೀಗೆ ತಡವಾಗಿ ಕೇಳಿದ ರಿಫಂಡಿಗೆ ಬಡ್ಡಿ ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು.

2024-25ರದ್ದನ್ನು ಮಾತ್ರ ಗಡುವಿನೊಳಗೆ ಹಾಕಿದೆ. ಆ ವರ್ಷ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ, ಕೊನೆಗೆ ಇನ್ನೊಂದು ದಿನ ಮುಂದಕ್ಕೆ ಹಾಕಿದ್ದರು. ಅದನ್ನು ಕಾಯದೆ ಆಗಸ್ಟ್‌ನಲ್ಲೇ ಮುಗಿಸಿದೆ. ಹಾಗೆಂದು ಏಪ್ರಿಲ್‌ನಲ್ಲೇ ಹಾಕುವ ಆತುರವೂ ಬೇಡ. ಕಂಪನಿಗಳು ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರ ಸಲ್ಲಿಸಲು ಮೇ 31ರವರೆಗೆ ಸಮಯವಿರುತ್ತದೆ. ಜೂನ್ ಮಧ್ಯದ ನಂತರವೇ 26ಎಎಸ್ ತುಂಬುವುದು. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಆಗಬೇಕು, ತಡವಾದರೆ ವೆರಿಫೈ ಮಾಡಿದ ದಿನವೇ ಹಾಕಿದ ದಿನ ಎಂದಾಗುತ್ತದೆ, ಮಾಡದೇ ಬಿಟ್ಟರೆ ಹಾಕಿದ್ದೇ ಲೆಕ್ಕಕ್ಕಿಲ್ಲ. ರಿಟರ್ನ್ ಸಂಸ್ಕರಿಸುವ ಸಿಪಿಸಿ ಬೆಂಗಳೂರಿನಲ್ಲೇ ಇದೆ ಎಂದು ‘ಒಮ್ಮೆ ಹೋಗಿ ಕೇಳಿಬರಲೇ’ ಅನ್ನುವವರಿದ್ದಾರೆ. ಬಸ್ ಚಾರ್ಜು ದಂಡ. ಎಲ್ಲ ಪೋರ್ಟಲ್ ಮೂಲಕವೇ.

ನನ್ನಂಥವರಿಗೆ ರಿಟರ್ನ್ ಗಡುವಿಗಿಂತ ಮುಖ್ಯ ತಾರೀಕು ಮಾರ್ಚ್ 15. 44ಎಡಿಎಯವರು ಮುಂಗಡ ತೆರಿಗೆಯನ್ನು ನಾಲ್ಕು ಕಂತಿನಲ್ಲಿ ಕಟ್ಟಬೇಕಿಲ್ಲ, ಅಂದು ಒಂದೇ ಸಲ ಕಟ್ಟಿದರಾಯಿತು. ಈಗ ಮಾಲೀಕರಿಂದ ಬಂದ ಪ್ರತಿ ಫೀಸಿನಲ್ಲೂ ಒಂದು ಪಾಲನ್ನು ಬೇರೆ ಖಾತೆಗೆ ಹಾಕುತ್ತೇನೆ. ಸಾಮಾನಿನ ಹಣವನ್ನು ನೇರ ಅಂಗಡಿಗೇ ಕಳಿಸಲು ಹೇಳಿದ್ದೇನೆ, ಗೊಣಗಿದರು, ಒಪ್ಪಿದರು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ, ಹಳೆಯ ಬಾಕಿ ವರ್ಷಗಳಿಗೆ ಮಾತ್ರ 1961ರ ಕಾಯ್ದೆಯೇ.

ಎಂಬತ್ತು ಸಾವಿರದ ಅರ್ಜಿಯ ಮೇಲೆ ಅಧಿಕಾರಿಯೊಬ್ಬರು ಆ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕಂಪನಿಗಳಿಗೆ ಕೊಟ್ಟ ಬಿಲ್ಲು ಕೇಳಿದ್ದರು, ಅಪ್‌ಲೋಡ್ ಮಾಡಿದ್ದೇನೆ. ಆದೇಶ ಬಂದರೆ ಅದರ ಸಂಖ್ಯೆ ನಮೂದಿಸಿ 2021-22ರ ರಿಟರ್ನ್ ಹಾಕುವುದು ಬಾಕಿ.